ಏಜೆಂಟರ ಕೈಗೆ ಸಿಕ್ಕ ಖಡಕ್ ರೊಟ್ಟಿ

ಕೆಲವರ ಮನೆಯಲ್ಲಿ ದಿನಾ ಹಾಲು ಉಕ್ಕುತ್ತದೆ, ಕೆಲವರ ಮನೆಯಲ್ಲಿ ದಿನಾ ಜಗಳ ಉಕ್ಕುತ್ತದೆ. ನಮ್ಮ ರೊಟ್ಟಿ ಕೇಂದ್ರದಲ್ಲಿ ಈ ವರ್ಷ ದಿನಕ್ಕೊಂದು ನಗೆಪಾಟಲು. ಅದಕ್ಕಾಗಿ ನಾವು ಕಷ್ಟಪಡಬೇಕಾಗಿಲ್ಲ, ಕಂಪ್ಯೂಟರೇ ಎಲ್ಲ ನೋಡಿಕೊಳ್ಳುತ್ತದೆ.

ನಮ್ಮ ಕೇಂದ್ರ ಇರುವುದು ವಿಜಯಪುರದಲ್ಲಿ. ಹನ್ನೆರಡು ಹೆಣ್ಣುಮಕ್ಕಳು ಹನ್ನೆರಡು ಒಲೆಯ ಮುಂದೆ ಕೂತು ಜೋಳದ ರೊಟ್ಟಿ, ಸಜ್ಜೆ ರೊಟ್ಟಿ ಬಡಿಯುತ್ತಾರೆ. ರೊಟ್ಟಿ ಒಣಗಿ ಖಡಕ್ ಆದ ಮೇಲೆ ಹತ್ತತ್ತರಂತೆ ಕಟ್ಟಿ ಊರೊಳಗಿನ ಅಂಗಡಿಗಳಿಗೆ, ಆಮೇಲೆ ತೊರವಿ, ಟಿಕೋಟಾ, ಬಬಲೇಶ್ವರ, ಮಮದಾಪುರಕ್ಕೆ ಟಂಟಂ ಗಾಡಿಯಲ್ಲಿ ಕಳಿಸುತ್ತೇವೆ. ಮಾಲಕಿಯನ್ನು ನಾವೆಲ್ಲ ಅಕ್ಕಾರು ಅನ್ನುತ್ತೇವೆ. ನಾನೂ ಎರಡು ವರ್ಷ ಒಲೆಯ ಮುಂದೆಯೇ ಇದ್ದೆ. ಹತ್ತನೆಯ ತರಗತಿ ಪಾಸಾಗಿದ್ದೇನೆ, ಬಾಯಿಯೂ ಜೋರು ಎಂದು ಅಕ್ಕಾರು ನನ್ನನ್ನು ಎಬ್ಬಿಸಿ ಮುಂದಿನ ಕೋಣೆಯ ಕುರ್ಚಿಯ ಮೇಲೆ ಕೂಡಿಸಿದರು. ಇವತ್ತು ಎಷ್ಟು ರೊಟ್ಟಿ ಬಡಿಯಬೇಕು, ಯಾವ ಊರಿಗೆ ಎಷ್ಟು ಹೋಗಬೇಕು, ಗಾಡಿ ಯಾವ ದಾರಿ ಹಿಡಿಯಬೇಕು, ಇದೆಲ್ಲ ನನ್ನ ಕೆಲಸ.

ಆ ಕುರ್ಚಿಯ ಮೇಲೆ ನನಗೆ ಇಷ್ಟು ಪ್ರೀತಿ ಯಾಕೆಂದರೆ ಅದರ ಮುಂದೊಂದು ಟೇಬಲ್ ಇದೆ, ಟೇಬಲ್ಲಿನ ಕೆಳಗೆ ನನ್ನ ಮಗಳು ಮಲಗುತ್ತಾಳೆ. ಮಧ್ಯಾಹ್ನ ಅಂಗನವಾಡಿ ಬಿಟ್ಟರೆ ಅವಳಿಗೆ ಬೇರೆ ಜಾಗವಿಲ್ಲ. ಒಲೆಯ ಹತ್ತಿರ ಮಕ್ಕಳನ್ನು ಬಿಡಬಾರದು ಎಂಬುದು ಅಕ್ಕಾರ ಕಟ್ಟುನಿಟ್ಟು. ಅಂದರೆ ಕುರ್ಚಿ ಹೋದರೆ ನಾನು ಒಲೆಗೂ ಹೋಗುವ ಹಾಗಿಲ್ಲ, ಮನೆಗೇ ಹೋಗಬೇಕು.

ಇಂಥ ಹೊತ್ತಿನಲ್ಲಿ ಸೊಲ್ಲಾಪುರದಿಂದ ಒಬ್ಬ ಸಾಫ್ಟ್‌ವೇರ್ ಸಾಹೇಬರು ಬಂದರು. ಕಂಪ್ಯೂಟರಿನೊಳಗೆ ಕೆಲವು ಏಜೆಂಟರನ್ನು ಕೂಡಿಸುತ್ತೇನೆ, ಹಿಟ್ಟಿನಿಂದ ಹಿಡಿದು ಅಂಗಡಿಯ ತನಕ ಅವರೇ ಎಲ್ಲ ನಡೆಸುತ್ತಾರೆ ಅಂದರು. ಅಕ್ಕಾರಿಗೆ ಸೇರಿತು. ನನ್ನ ಕಡೆ ತಿರುಗಿ, "ಪಂಚಮಿ ಮಟ ನೋಡೂಣು. ಬರೋಬ್ಬರಿ ನಡೀತಂದ್ರ ನೀ ಮತ್ತ ಒಲಿ ಮುಂದ ಕುಂಡ್ರು" ಅಂದರು. ಟೇಬಲ್ಲಿನ ಕೆಳಗೆ ಮಗಳು ಗೊರಕೆ ಹೊಡೆಯುತ್ತಿದ್ದಳು.

೧. ಗಣಕಯಂತ್ರದೊಳಗಿನ ಕೂಡು ಕುಟುಂಬ

ಏಜೆಂಟರೆಂದರೆ ಯಾರು ಎಂದು ಸಾಹೇಬರು ನಮ್ಮನ್ನೆಲ್ಲ ಕೂಡಿಸಿಕೊಂಡು ತಿಳಿಸಿ ಹೇಳಿದರು. ಅವರಿಗೆ ಕೈಕಾಲಿಲ್ಲ, ಚಹಾ ಬೇಕಾಗಿಲ್ಲ, ರಜೆ ಕೇಳುವುದಿಲ್ಲ. ಹಿಟ್ಟಿನ ಪರವಾಗಿ ಒಬ್ಬ ಏಜೆಂಟ, ಒಲೆಗಳ ಪರವಾಗಿ ಒಬ್ಬ, ಗಾಡಿಯ ಪರವಾಗಿ ಒಬ್ಬ, ಪ್ರತಿ ಅಂಗಡಿಯ ಪರವಾಗಿ ಒಬ್ಬೊಬ್ಬ. ಹಿಟ್ಟಿನವನಿಗೆ ಹಿಟ್ಟು ಮುಗಿಯಬಾರದು. ಗಾಡಿಯವನಿಗೆ ಗಾಡಿ ಖಾಲಿ ಓಡಾಡಬಾರದು. ಅಂಗಡಿಯವನಿಗೆ ರೊಟ್ಟಿ ಇಲ್ಲ ಅನ್ನುವ ಮಾತು ಬರಬಾರದು. ಪ್ರತಿಯೊಬ್ಬನೂ ತನ್ನದನ್ನೇ ನೋಡಿಕೊಂಡು ಒಬ್ಬರ ಸಂಗಡ ಒಬ್ಬರು ವಾದ ಮಾಡುತ್ತಾರೆ, ಕಡೆಗೆ ಎಲ್ಲರಿಗೂ ಒಪ್ಪುವ ಒಂದು ತೀರ್ಮಾನಕ್ಕೆ ಬರುತ್ತಾರೆ.

ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು ಒಬ್ಬ ಮುದುಕಿ. ಅವಳನ್ನು ಆಯಿ ಅನ್ನುತ್ತೇವೆ. ಮೊದಲನೆಯ ಒಲೆ ಅವಳದೇ. ಅವಳು ಎಲ್ಲ ಕೇಳಿಸಿಕೊಂಡು, ಅವರೆಲ್ಲ ಇರುವುದು ಒಂದೇ ಪೆಟ್ಟಿಗೆಯಲ್ಲೇನು ಎಂದು ವಿಚಾರಿಸಿದಳು. ಹೌದು ಅಂದರು ಸಾಹೇಬರು. ತನ್ನದು ತನ್ನದು ಅಂತಲೇ ವಾದ ಮಾಡುತ್ತಾರೇನು? ಅದಕ್ಕೂ ಹೌದು.

ಆಯಿ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡಳು. "ಹಂಗಾರ ಭಾಳ ದಿನ ನಡ್ಯಾಂಗಿಲ್ರಿ ಸಾಹೇಬ್ರ. ಅವ್ರು ಬ್ಯಾರೆ ಆಗೂದರಾಗ ನೀವು ಇನ್ನೊಂದು ಪೆಟಗಿ ತಂದಿಟಗೋರಿ."

೨. ಜಿಗಿ

ಮೊದಲು ಕೈ ತೋರಿಸಿದ್ದು ಹಿಟ್ಟಿನ ಏಜೆಂಟ. ನಾನು ಮೂರು ದಿನಕ್ಕೆ ಬೇಕಾದಷ್ಟು ಜೋಳವನ್ನು ಮಾತ್ರ ಗಿರಣಿಗೆ ಕಳಿಸುತ್ತಿದ್ದೆ. ಪದೇ ಪದೇ ಗಿರಣಿಗೆ ಓಡುವುದು ದಂಡ ಎಂದು ಅವನು ಲೆಕ್ಕ ಹಾಕಿ ಒಂದು ತಿಂಗಳಿಗಾಗುವ ಜೋಳವನ್ನು ಒಂದೇ ಸಲ ಬೀಸಲು ಆಜ್ಞೆ ಕಳಿಸಿದ. ಗಿರಣಿಯವರು ಬೀಸಿಕೊಟ್ಟರು. ಕೋಣೆಯ ತುಂಬ ಹಿಟ್ಟಿನ ಚೀಲಗಳಾದವು. ಪರದೆಯ ಮೇಲೆ ಹಸಿರು ಬಣ್ಣ ಬಂತು. ಹಸಿರು ಬಂದರೆ ಎಲ್ಲ ಚೆನ್ನಾಗಿದೆ ಎಂದರ್ಥವಂತೆ.

ಜೋಳದ ಹಿಟ್ಟು ಹಳತಾದರೆ ಅದರ ಜಿಗಿ ಹೋಗುತ್ತದೆ. ಜಿಗಿ ಅಂದರೆ ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುವ ಗುಣ. ಅದು ಹೋದ ಮೇಲೆ ಎಂಥ ಕೈಯವಳು ಬಡಿದರೂ ರೊಟ್ಟಿ ಅಂಚಿನಿಂದ ಸೀಳುತ್ತದೆ. ಇದು ನಮ್ಮಲ್ಲಿ ಏಳು ವರ್ಷದ ಹುಡುಗಿಗೂ ಗೊತ್ತು. ಎರಡು ವಾರ ಕಳೆಯುವುದರೊಳಗೆ ಹನ್ನೆರಡು ಒಲೆಯ ಮುಂದೆಯೂ ಒಡಕು ರೊಟ್ಟಿಯ ರಾಶಿ. ಒಲೆಗಳ ಏಜೆಂಟ ತಕ್ಷಣ ಕಂಡುಹಿಡಿದ: ಹೆಣ್ಣುಮಕ್ಕಳ ಕೈಯಲ್ಲಿ ಮೊದಲಿನ ಕಸುಬು ಉಳಿದಿಲ್ಲ, ತರಬೇತಿ ಕೊಡಬೇಕು.

ಆಯಿ ಐವತ್ತು ವರ್ಷದಿಂದ ರೊಟ್ಟಿ ಬಡಿಯುವವಳು. ಅವಳು ಸಾಹೇಬರ ಕೈ ಹಿಡಿದು ತನ್ನ ಮಣೆಯ ಮೇಲೆ ಕೂಡಿಸಿ, ಅದೇ ಹಿಟ್ಟಿನ ಒಂದು ಉಂಡೆಯನ್ನು ಮುಂದಿಟ್ಟು, ನೀವೇ ಮೊದಲು ಕಲಿಸಿರಿ ಅಂದಳು. ಸಾಹೇಬರು ತೋಳು ಮಡಚಿಕೊಂಡು ಬಡಿದರು. ಬೆವರು ಒರೆಸಿಕೊಂಡು ಮತ್ತೆ ಬಡಿದರು. ಎಲ್ಲರೂ ಬಗ್ಗಿ ನೋಡಿದೆವು. ಅವರ ರೊಟ್ಟಿ ಥೇಟ್ ವಿಜಯಪುರ ಜಿಲ್ಲೆಯ ನಕಾಶೆಯ ಹಾಗಿತ್ತು. ಬಬಲೇಶ್ವರ ಮಾತ್ರ ಕಳಚಿ ಅವರ ಪ್ಯಾಂಟಿನ ಮೇಲೆ ಬಿದ್ದಿತ್ತು.

೩. ಮಮದಾಪುರದ ಕುಂಬಳಕಾಯಿ

ರೊಟ್ಟಿ ಹೋಗುವುದು ಮುಚ್ಚಳವಿರುವ ಪ್ಲಾಸ್ಟಿಕ್ ಬುಟ್ಟಿಗಳಲ್ಲಿ. ದಾರಿಯಲ್ಲಿ ಒಡೆದ ರೊಟ್ಟಿಯನ್ನು ಅಂಗಡಿಯವರು ಅದೇ ಬುಟ್ಟಿಯಲ್ಲಿ ವಾಪಸು ಕಳಿಸುತ್ತಾರೆ. ಸಾಹೇಬರು ಬಾಗಿಲಲ್ಲಿ ಒಂದು ತೂಕದ ಯಂತ್ರ ಇಡಿಸಿದರು. ವಾಪಸು ಬಂದ ಬುಟ್ಟಿಯನ್ನು ಅದರ ಮೇಲೆ ಇಡಬೇಕು. ಖಾಲಿ ಬುಟ್ಟಿಗಿಂತ ಎಷ್ಟು ಭಾರ ಹೆಚ್ಚೋ ಅಷ್ಟು ರೊಟ್ಟಿ ಕೆಟ್ಟಿತು ಎಂದು ಅಂಗಡಿಯ ಏಜೆಂಟ ತಿಳಿದುಕೊಳ್ಳುತ್ತಾನೆ. ಯಾರೂ ಬರೆಯುವುದು ಬೇಡ, ಕೇಳುವುದು ಬೇಡ.

ಮಮದಾಪುರದ ಅಂಗಡಿ ನಡೆಸುವವಳು ಒಬ್ಬ ದೊಡ್ಡ ಮನಸ್ಸಿನ ಹೆಣ್ಣುಮಗಳು. ನಮ್ಮ ರೊಟ್ಟಿ ಅಲ್ಲಿ ಒಂದೂ ಉಳಿಯುವುದಿಲ್ಲ, ಒಂದೂ ಒಡೆದು ಬರುವುದಿಲ್ಲ. ಆದರೆ ಇನ್ನೊಬ್ಬರ ಪಾತ್ರೆಯನ್ನು ಖಾಲಿ ಕಳಿಸುವುದು ಅವಳ ಮನೆತನದಲ್ಲೇ ಇಲ್ಲ. ಒಂದು ದಿನ ಮೆಂತ್ಯ ಸೊಪ್ಪು, ಒಂದು ದಿನ ಬದನೆಕಾಯಿ, ಒಂದು ದಿನ ಸೌತೆಕಾಯಿ, ಏನಾದರೂ ಬುಟ್ಟಿಯಲ್ಲಿ ಇದ್ದೇ ಇರುತ್ತಿತ್ತು. ಹೆಣ್ಣುಮಕ್ಕಳು ಹಂಚಿಕೊಂಡು ಒಯ್ಯುತ್ತಿದ್ದರು.

ಯಂತ್ರ ಬಂದ ಮೇಲೂ ಬದನೆಕಾಯಿ ಬಂತು. ಎರಡು ಕಿಲೋ ರೊಟ್ಟಿ ವಾಪಸು ಎಂದು ಏಜೆಂಟ ಬರೆದುಕೊಂಡು ಮಮದಾಪುರದ ಪಾಲನ್ನು ಸ್ವಲ್ಪ ಕಡಿಮೆ ಮಾಡಿದ. ಮರುದಿನ ಸೌತೆಕಾಯಿ. ಇನ್ನೂ ಕಡಿಮೆ ಮಾಡಿದ. ಪಾಪ, ರೊಟ್ಟಿ ಕಡಿಮೆ ಬರುತ್ತಿದೆ, ಕೇಂದ್ರದಲ್ಲಿ ಏನೋ ತೊಂದರೆ ಇರಬೇಕು ಎಂದು ಅವಳು ಒಂದು ದೊಡ್ಡ ಕುಂಬಳಕಾಯಿ ಕಳಿಸಿದಳು. ಏಜೆಂಟ ಬೆಚ್ಚಿಬಿದ್ದ. ಹೋಗಿದ್ದು ಎಂಟು ಕಿಲೋ ರೊಟ್ಟಿ, ವಾಪಸು ಬಂದದ್ದು ಹನ್ನೊಂದು ಕಿಲೋ. ಮಮದಾಪುರದ ಜನ ನಮ್ಮ ರೊಟ್ಟಿಯನ್ನಷ್ಟೇ ಅಲ್ಲ, ಬೇರೆಯವರ ರೊಟ್ಟಿಯನ್ನೂ ನಮಗೇ ವಾಪಸು ಕಳಿಸುತ್ತಿದ್ದಾರೆ. ಆ ಊರನ್ನು ಪಟ್ಟಿಯಿಂದಲೇ ತೆಗೆದುಹಾಕಿದ.

ಎರಡು ದಿನ ಗಾಡಿ ಹೋಗದಿದ್ದಾಗ ಅವಳ ಫೋನು ಬಂತು. ತಾನೇನು ತಪ್ಪು ಮಾಡಿದೆ, ಕುಂಬಳಕಾಯಿ ಕಹಿ ಇತ್ತೇನು ಎಂದು ಕೇಳಿದಳು. ನಾನು ಫೋನನ್ನು ಸಾಹೇಬರ ಕೈಗೆ ಕೊಟ್ಟೆ. ಅವರು ಮೆತ್ತಗೆ, ನಾಳೆಯಿಂದ ಬುಟ್ಟಿಯನ್ನು ಖಾಲಿ ಕಳಿಸಿದರೆ ಉಪಕಾರವಾಗುತ್ತದೆ ಅಂದರು.

"ಖಾಲಿ ಬುಟ್ಟಿ ಕಳಸೂವಷ್ಟು ಗತಿಗೆಟ್ಟಿಲ್ರಿ ನಾವು" ಎಂದು ಅವಳು ಫೋನಿಟ್ಟಳು.

ಸಾಹೇಬರು ಸೋತು ಕಂಪ್ಯೂಟರಿನ ಪಟ್ಟಿಯಲ್ಲಿ ಒಡಕು ರೊಟ್ಟಿಗೊಂದು ಮನೆ, ಕುಂಬಳಕಾಯಿಗೊಂದು ಮನೆ ಬೇರೆ ಬೇರೆ ಮಾಡಿದರು. ಮಮದಾಪುರಕ್ಕೆ ಮತ್ತೆ ರೊಟ್ಟಿ ಹೋಯಿತು. ಒಂದು ವಾರ ಆದ ಮೇಲೆ ಅವಳು ನನಗೆ ಮತ್ತೆ ಫೋನು ಮಾಡಿ ತನ್ನ ಮೊಬೈಲಿಗೆ ಬಂದ ಒಂದು ಸಂದೇಶವನ್ನು ಓದಿ ಹೇಳಿದಳು. ಏಜೆಂಟನೇ ಕಳಿಸಿದ್ದ: "ನಿಮ್ಮಿಂದ ಬರಬೇಕಾದ ಕುಂಬಳಕಾಯಿ ಮೂರು ದಿನ ತಡವಾಗಿದೆ. ದಯವಿಟ್ಟು ಬೇಗ ಕಳುಹಿಸಿ."

೪. ಹನ್ನೆರಡು ಮಂದಿಗೆ ಜಡ್ಡು

ಅಷ್ಟರಲ್ಲಿ ನಾಗರ ಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ಮೊದಲು ರೊಟ್ಟಿ ಹಬ್ಬ. ಮನೆ ಮನೆಯವರು ಒಬ್ಬರಿಗೊಬ್ಬರು ರೊಟ್ಟಿ, ಪಲ್ಯ, ಚಟ್ನಿ ಹಂಚುತ್ತಾರೆ. ಈಗ ಪೇಟೆಯವರಿಗೆ ಬಡಿಯಲು ಪುರಸತ್ತಿಲ್ಲ, ನಮ್ಮ ಹತ್ತಿರ ಕೊಂಡು ತಾವೇ ಬಡಿದವರಂತೆ ಹಂಚುತ್ತಾರೆ. ಹೀಗಾಗಿ ಆ ವಾರ ದಿನದಿಂದ ದಿನಕ್ಕೆ ಬೇಡಿಕೆ ಏರುತ್ತದೆ. ಆದರೆ ಪಂಚಮಿಯ ದಿನ ಮಾತ್ರ ಒಲೆಯ ಮೇಲೆ ಹಂಚು ಇಡುವ ಹಾಗಿಲ್ಲ. ಸುಡುವುದು, ಹುರಿಯುವುದು ಎಲ್ಲ ಬಂದ್. ಉಂಡಿ ತಿನ್ನುವುದು, ಜೋಕಾಲಿ ಆಡುವುದು, ಅಷ್ಟೇ.

ಏರುತ್ತಿದ್ದ ಬೇಡಿಕೆಯನ್ನು ನೋಡಿ ಏಜೆಂಟರೆಲ್ಲ ಸೇರಿ ಎಲ್ಲಕ್ಕಿಂತ ಹೆಚ್ಚು ರೊಟ್ಟಿಯನ್ನು ಸರಿಯಾಗಿ ಪಂಚಮಿಯ ದಿನವೇ ಬಡಿಯಬೇಕೆಂದು ತೀರ್ಮಾನಿಸಿದರು. ನಾನು ಸಾಹೇಬರಿಗೆ, ಆ ದಿನ ಹಂಚು ಇಡುವುದಿಲ್ಲ, ಹೋದ ವರ್ಷದ ದಾಖಲೆ ನೋಡಿ ಅಂದೆ. ಅವರು ನೋಡಿದರು. ಹೋದ ವರ್ಷ ಆ ದಿನದ ಮನೆಯನ್ನು ನಾನು ಖಾಲಿ ಬಿಟ್ಟಿದ್ದೆ. ಬರೆಯುವವಳು ಮರೆತಿದ್ದಾಳೆ ಎಂದು ಏಜೆಂಟ ಅದನ್ನು ತಾನೇ ಅಂದಾಜಿನಿಂದ ತುಂಬಿಬಿಟ್ಟಿದ್ದ. ದಾಖಲೆಯಲ್ಲಿ ಇರುವುದರಿಂದ ಇದೇ ಖರೆ ಅಂದರು ಸಾಹೇಬರು. ಅಕ್ಕಾರು ನನ್ನ ಮುಖ ನೋಡಿದರು. ಪರೀಕ್ಷೆ ಅಂದ ಮೇಲೆ ಪೂರ್ತಿ ಆಗಲಿ, ನೀನು ನಡುವೆ ಬಾಯಿ ಹಾಕಬೇಡ ಅಂದರು. ಹಾಕಲಿಲ್ಲ. ನನ್ನ ಜೀವಮಾನದಲ್ಲಿ ಅದೇ ಮೊದಲು.

ಪಂಚಮಿಯ ಬೆಳಿಗ್ಗೆ ಹನ್ನೆರಡು ಮಂದಿಗೂ ಏಜೆಂಟನ ಫೋನು ಹೋಯಿತು. ನೀವಿನ್ನೂ ಕೆಲಸಕ್ಕೆ ಬಂದಿಲ್ಲ. ಜಡ್ಡಾಗಿದ್ದರೆ ಒಂದು ಒತ್ತಿ, ಗಾಡಿ ಸಿಗದಿದ್ದರೆ ಎರಡು ಒತ್ತಿ. ಹಬ್ಬಕ್ಕೆ ಯಾವ ಗುಂಡಿಯೂ ಇರಲಿಲ್ಲ. ಕೇಂದ್ರದ ಹಿಂದಿನ ಬೇವಿನ ಮರಕ್ಕೆ ಜೋಕಾಲಿ ಕಟ್ಟಿಕೊಂಡು ಎಲ್ಲರೂ ಅಲ್ಲೇ ಸೇರಿದ್ದರು. ಗದ್ದಲ ನಿಂತರೆ ಸಾಕೆಂದು ಒಬ್ಬಳಾದ ಮೇಲೆ ಒಬ್ಬಳು ಒಂದನ್ನೇ ಒತ್ತಿದರು.

ಐದು ನಿಮಿಷದೊಳಗೆ ಎಲ್ಲ ಅಂಗಡಿಗಳಿಗೂ ಸಂದೇಶ ಹೋಯಿತು: ರೊಟ್ಟಿ ಮಾಡುವ ಹನ್ನೆರಡು ಮಂದಿಗೂ ಒಂದೇ ದಿನ ಜಡ್ಡಾಗಿದೆ, ಮುಂದಿನ ಸೂಚನೆಯವರೆಗೆ ರೊಟ್ಟಿ ಇಲ್ಲ.

ಆಮೇಲೆ ಅಕ್ಕಾರಿಗೆ ಫೋನು ಕೆಳಗಿಡಲು ಬಿಡುವೇ ಸಿಗಲಿಲ್ಲ. ಟಿಕೋಟಾದವರು ಅದು ಅಂಟುರೋಗವೇ ಎಂದು ಕೇಳಿದರು. ಬಬಲೇಶ್ವರದವರು ನಿನ್ನೆ ಮಾರಿದ ರೊಟ್ಟಿಯನ್ನು ಮನೆ ಮನೆಗೆ ಹೋಗಿ ವಾಪಸು ಇಸಿದುಕೊಳ್ಳಬೇಕೇ ಎಂದು ಕೇಳಿದರು. ಹತ್ತು ವರ್ಷದ ಹೆಸರು ಒಂದು ಬೆಳಿಗ್ಗೆ ಮುಳುಗುವ ಹಾಗಾಯಿತು. ನಾನು ನನ್ನ ಮೊಬೈಲು ತೆಗೆದು, ಜೋಕಾಲಿಯ ಮೇಲೆ ಜೀಕುತ್ತಿದ್ದ ಆಯಿಯ ವಿಡಿಯೋ ಮಾಡಿ, ಎಲ್ಲ ಅಂಗಡಿಗಳಿಗೂ ಕಳಿಸಿದೆ. ಎಪ್ಪತ್ತರ ಮುದುಕಿ ಬೇವಿನ ಟೊಂಗೆ ಮುಟ್ಟುವ ಹಾಗೆ ಜೀಕುವುದನ್ನು ನೋಡಿದ ಮೇಲೆ ಯಾರೂ ರೋಗದ ಮಾತು ಎತ್ತಲಿಲ್ಲ.

ವಿಡಿಯೋ ಹೋಗುವುದರೊಳಗೆ ಮಮದಾಪುರದ ಅಂಗಡಿಯವಳು ಬಸ್ಸು ಹತ್ತಿಬಿಟ್ಟಿದ್ದಳು. ಬೇಯಿಸಿದ ಗಂಜಿ, ಲಿಂಬೆ ಉಪ್ಪಿನಕಾಯಿ ಹಿಡಿದುಕೊಂಡು ಕಣ್ಣಲ್ಲಿ ನೀರು ತಂದುಕೊಂಡು ಬಂದವಳು ಹಿತ್ತಲಲ್ಲಿ ನಿಂತು ಹನ್ನೆರಡೂ ರೋಗಿಗಳನ್ನು ನೋಡಿದಳು.

"ಇಂಥಾ ಜಡ್ಡು ಅಂತ ಮೊದಲ ಹೇಳಬಾರದೇನ ಬೇ" ಅಂದಳು. "ಹಬ್ಬದ ಹಸರ ಸೀರಿ ಉಟಗೊಂಡು ಬರತಿದ್ನೆಲ್ಲ."

೫. ನನ್ನ ಏಜೆಂಟಳು

ಕುರ್ಚಿ ಉಳಿಯಿತು ಎಂದುಕೊಂಡೆ. ಸಾಹೇಬರು ಸೋಲುವ ಗಿರಾಕಿಯಲ್ಲ. ತಪ್ಪು ಏಜೆಂಟರದಲ್ಲ, ಹಬ್ಬ, ಜಿಗಿ, ಕುಂಬಳಕಾಯಿ ಎಲ್ಲ ಈ ತಂಗಿಯ ತಲೆಯಲ್ಲಿವೆ, ದಾಖಲೆಯಲ್ಲಿಲ್ಲ ಅಂದರು. ಇವರ ತಲೆಯನ್ನೇ ಒಬ್ಬ ಏಜೆಂಟಳನ್ನಾಗಿ ಮಾಡಿ ಒಳಗೆ ಕೂಡಿಸಿದರೆ ಮುಗಿಯಿತು. ಅಕ್ಕಾರು ಇನ್ನು ಹದಿನೈದು ದಿನ ಕೊಟ್ಟರು.

ಹದಿನೈದು ದಿನ ಸಾಹೇಬರು ನನ್ನ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತರು. ನಾನು ಏನು ಮಾಡಿದರೂ ಯಾಕೆ ಅನ್ನುತ್ತಿದ್ದರು. ತೊರವಿಗೆ ಇವತ್ತು ಯಾಕೆ ಹೆಚ್ಚು? ಅಲ್ಲಿ ಒಂದು ಸೀಮಂತ ಇದೆ. ಟಿಕೋಟಾಕ್ಕೆ ಯಾಕೆ ಸಜ್ಜೆ ರೊಟ್ಟಿ ಕಡಿಮೆ? ಸಜ್ಜೆ ಬೇಕು ಅಂದ ಅಂಗಡಿಯವರ ಧ್ವನಿಯಲ್ಲಿ ಮನಸ್ಸಿರಲಿಲ್ಲ. ಎಲ್ಲ ಬರೆದುಕೊಂಡರು. ತಪ್ಪು ಕಲಿಸಿಬಿಡಲೇ ಎಂದು ನನಗೆ ಒಂದು ಸಲ ಅನ್ನಿಸಿತು. ಟೇಬಲ್ಲಿನ ಕೆಳಗೆ ನೋಡಿದರೆ ಇನ್ನೂ ಹೆಚ್ಚು ಅನ್ನಿಸಿತು. ಆದರೆ ನಾನು ತಪ್ಪು ಹೇಳಿದರೆ ಯಾರದೋ ಸೀಮಂತದ ಪಂಕ್ತಿಯಲ್ಲಿ ರೊಟ್ಟಿ ಕಡಿಮೆ ಬೀಳುತ್ತದೆ. ಕೈಯಾರೆ ಬಡಿದವಳಿಗೆ ಅದು ಆಗದ ಮಾತು. ಇದ್ದದ್ದನ್ನು ಇದ್ದ ಹಾಗೆಯೇ ಕಲಿಸಿದೆ.

ಅವರು ಬರೆದುಕೊಂಡದ್ದರಲ್ಲಿ ಎರಡು ಮಾತು ಮುಖ್ಯ. ಒಂದು, ಇವರು ಯಾವುದನ್ನೂ ಒಮ್ಮೆಲೇ ತೀರ್ಮಾನಿಸುವುದಿಲ್ಲ, "ಕೇಳಿ ಹೇಳತೇನಿ" ಎಂದು ಸಂಬಂಧಪಟ್ಟವರಿಗೆ ಫೋನು ಮಾಡುತ್ತಾರೆ. ಎರಡು, ಯಾರಾದರೂ ಒರಟಾಗಿ ಮಾತಾಡಿದರೆ ತಕ್ಷಣ ಮಾಲಕಿಗೆ ತಿಳಿಸುತ್ತಾರೆ. ಯಂತ್ರ ಊರವರಿಗೆಲ್ಲ ಫೋನು ಮಾಡಿದರೆ ಪಂಚಮಿಯ ಕಥೆಯೇ ಮತ್ತೆ ಎಂದು ಹೆದರಿ ಸಾಹೇಬರು ಅದಕ್ಕೆ ಎರಡೇ ನಂಬರು ಕೊಟ್ಟರು. ಏನಾದರೂ ಕೇಳುವುದಿದ್ದರೆ ನನ್ನ ನಂಬರು. ದೂರು ಇದ್ದರೆ ಅಕ್ಕಾರ ನಂಬರು.

ಹದಿನಾರನೆಯ ದಿನ ಎಲ್ಲರೂ ಪರದೆಯ ಮುಂದೆ ಸೇರಿದೆವು. ಅಕ್ಕಾರು ನನ್ನನ್ನು ಕುರ್ಚಿಯಿಂದ ಎಬ್ಬಿಸಿ ಪಕ್ಕದ ಸ್ಟೂಲಿನ ಮೇಲೆ ಕೂಡಿಸಿದರು. ಮಗಳು ಎದ್ದು ಬಂದು ನನ್ನ ಸೆರಗು ಹಿಡಿದುಕೊಂಡಳು. ಸಾಹೇಬರು ಗುಂಡಿ ಒತ್ತಿದರು.

ಟಿಕೋಟಾ ಅಂಗಡಿಯ ಏಜೆಂಟ ನಲವತ್ತು ಕಟ್ಟು ಬೇಡಿದ. ಒಲೆಗಳ ಏಜೆಂಟ ಮೂವತ್ತೇ ಆಗುತ್ತದೆ ಅಂದ. ಗಾಡಿಯವನು ಏನಾದರೂ ಬೇಗ ಹೇಳಿ ಅಂದ. ಎಲ್ಲರೂ ನನ್ನ ಏಜೆಂಟಳ ಕಡೆ ತಿರುಗಿದರು. ಪರದೆಯ ಮೇಲೆ ಒಂದು ಸಾಲು ಮೂಡಿತು: ಕೇಳಿ ಹೇಳತೇನಿ.

ನನ್ನ ಮೊಬೈಲು ಗುಣುಗುಟ್ಟಿತು. ಎತ್ತಿದೆ. ಒಂದು ಹೆಣ್ಣು ದನಿ, ನನಗಿಂತ ಸಭ್ಯವಾಗಿ, ಟಿಕೋಟಾಕ್ಕೆ ಎಷ್ಟು ಕಳಿಸೋಣ ಎಂದು ಕೇಳಿತು. ಮೂವತ್ತೈದು ಅಂದೆ. ಫೋನು ಇಡುವುದರೊಳಗೆ ಬಬಲೇಶ್ವರಕ್ಕೆ ಎಷ್ಟೆಂದು ಮತ್ತೆ ಬಂತು. ಆಮೇಲೆ ತೊರವಿಗೆ. ಆಮೇಲೆ ಜೋಳ ಬೀಸಲು ಎಷ್ಟು ಕಳಿಸೋಣ. ಆಮೇಲೆ ಮಮದಾಪುರದ ಕುಂಬಳಕಾಯಿಯನ್ನು ಎಷ್ಟು ಹೋಳು ಮಾಡೋಣ. ಒಂದು ತಾಸಿನಲ್ಲಿ ಇಪ್ಪತ್ತು ಸಲ ಬಂತು. ಹೆಣ್ಣುಮಕ್ಕಳು ಸೆರಗು ಬಾಯಿಗೆ ಹಚ್ಚಿಕೊಂಡು ನಗುತ್ತಿದ್ದರು.

ಅಕ್ಕಾರು ಸಾಹೇಬರ ಕಡೆ ತಿರುಗಿದರು. "ಈಕಿ ಬ್ಯಾಡಂತ ಅಕಿನ್ನ ತಂದ್ವಿ. ಈಗ ಈಕಿ ಇಲ್ದ ಅಕಿ ನಡ್ಯಾಂಗಿಲ್ಲ."

"ನಮೂನಿ ಬರೋಬ್ಬರಿ ಬಂದೈತ್ರಿ ಅಕ್ಕಾರ" ಅಂದರು ಸಾಹೇಬರು, ಸೋತ ದನಿಯಲ್ಲಿ. "ಇವ್ರು ಹೆಂಗ ಅದಾರೋ ಹಂಗ ಐತಿ."

ಅಕ್ಕಾರು ಎದ್ದು ಖಾಲಿ ಕುರ್ಚಿಯನ್ನು ನನ್ನ ಕಡೆ ಸರಿಸಿದರು. ನಾನು ಕೂತೆ. ಮಗಳು ಹೇಳಿಸಿಕೊಳ್ಳದೆ ಟೇಬಲ್ಲಿನ ಕೆಳಗೆ ಹೋಗಿ ಮಲಗಿದಳು. ಕೂತು ಉಸಿರು ಬಿಡುವುದರೊಳಗೆ ಇಪ್ಪತ್ತೊಂದನೆಯ ಫೋನು. ಗಾಡಿಯನ್ನು ಈಗ ಬಿಡೋಣವೋ ಆಮೇಲೆ ಬಿಡೋಣವೋ. ನನಗೆ ತಡೆಯಲಿಲ್ಲ.

"ಒಂದ ಕೆಲಸಾರ ನಿನ್ನ ಬುದ್ಧಿಲೆ ಮಾಡ ಬೇ" ಎಂದು ಬೈದೆ. "ಎಲ್ಲಾದಕ್ಕೂ ನನ್ನ ತಲಿ ತಿಂದರ ನೀ ಯಾಕ ಬೇಕು?"

ಆ ಕಡೆ ಫೋನು ಕಟ್ಟಾಯಿತು. ಅಂತೂ ಮೊದಲ ಸಲ ಬಾಯಿ ಮುಚ್ಚಿಸಿದೆ ಎಂದು ಖುಷಿಯಾಗಿ ಮೊಬೈಲು ಟೇಬಲ್ಲಿನ ಮೇಲಿಟ್ಟೆ. ಅದೇ ಹೊತ್ತಿಗೆ ಅಕ್ಕಾರ ಮೊಬೈಲು ಹೊಡೆದುಕೊಂಡಿತು. ಅವರು ಕಿವಿಗೆ ಹಿಡಿದು ಹೂಂ, ಹೂಂ ಎಂದು ಪೂರ್ತಿ ಕೇಳಿಸಿಕೊಂಡು, ಕೆಳಗಿಟ್ಟು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ನಿನ್ನ ಮ್ಯಾಲ ದೂರು ಬಂದೈತಿ. ಭಾಳ ಒರಟ ಮಾತಾಡತೀಯಂತ."

"ಯಾರ ಹೇಳ್ಯಾರ್ರಿ?" ಅಂದೆ.

"ನೀನ."